ಸ್ನಾನಕ್ಕೆ ಮುಂಚೆ ರೆಕೊಲೆಟಾ

ಪರದೆಯ ಮೇಲೆ ಸ್ಮಶಾನದ ಫೋಟೊ ಬಂದಾಗ ಜನ ಕೇಸರಿಬಾತ್ ತಿನ್ನುತ್ತಿದ್ದರು. ಇನ್ನು ಸ್ವಲ್ಪ ಹೊತ್ತು ತಡೆದು, ಕಾಫಿಯೂ ಆದ ಮೇಲೆ ತೋರಿಸಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲವೇನೋ. ಆದರೆ ನನಗೆ ಮೊದಲಿಂದಲೂ ಆತುರ ಜಾಸ್ತಿ.

ನಾನು ಹರಿಪ್ರಿಯಾ. ಆರ್.ಟಿ. ನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಟೂರ್ಸ್ ಆಫೀಸು. ಸಿಂಗಪುರ, ದುಬೈ, ಬ್ಯಾಂಕಾಕ್ ಅಂತ ಜನರನ್ನು ಕಳಿಸಿ ಕಳಿಸಿ ನನಗೇ ಬೇಜಾರು ಬಂದುಹೋಗಿದೆ. ನಮ್ಮ ಕಂಪನಿಯ ಹೆಚ್ಚುಗಾರಿಕೆ ಅಂದರೆ ಅಡುಗೆ ಭಟ್ಟರು. ಗುಂಪು ಎಲ್ಲಿಗೇ ಹೋಗಲಿ, ಭಟ್ಟರು ಕುಕ್ಕರು, ಸಾರಿನ ಪುಡಿ, ಇಂಗಿನ ಡಬ್ಬಿ ಕಟ್ಟಿಕೊಂಡು ಜೊತೆಗೆ ಹೊರಡುತ್ತಾರೆ. ಆಲ್ಪ್ಸ್ ಬೆಟ್ಟದ ಮೇಲೆ ಕೂತು ಬಿಸಿಬೇಳೆಬಾತ್ ತಿಂದವರು ನಮ್ಮ ಲೇಔಟಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ದಕ್ಷಿಣ ಅಮೆರಿಕಕ್ಕೆ ಮಾತ್ರ ನಾವು ಯಾರನ್ನೂ ಕರೆದುಕೊಂಡು ಹೋಗಿರಲಿಲ್ಲ. ಬ್ಯೂನಸ್ ಐರಿಸ್ ಪ್ರವಾಸ ಪೂರ್ತಿ ನನ್ನ ಹಟ. ಮಾಲೀಕರಾದ ಬದರೀನಾಥ್ ಸರ್ ಕೊನೆಗೂ ಒಪ್ಪಿ, "ನೋಡಮ್ಮ, ಗುಂಪು ತುಂಬಿದ್ರೆ ಹೋಗು. ಒಂದು ಮನೆಯವರು ಕೈ ಕೊಟ್ರೂ ಕ್ಯಾನ್ಸಲ್. ಆಮೇಲೆ ನನ್ನ ಹತ್ರ ಮುಖ ಊದಿಸ್ಕೊಂಡು ಬರ್ಬೇಡ" ಅಂದಿದ್ದರು.

ಗುಂಪು ತುಂಬಿತ್ತು. ಹೊರಡುವ ಮುಂಚೆ ಎಲ್ಲರನ್ನೂ ಸೇರಿಸಿ, ತಿಂಡಿ ಕೊಟ್ಟು, ಆ ಊರಿನಲ್ಲಿ ಏನೇನು ನೋಡಬೇಕು ಅಂತ ವಿವರಿಸುವುದು ನಮ್ಮಲ್ಲಿ ರೂಢಿ. ಆ ಭಾನುವಾರ ಹತ್ತಿರದ ಒಂದು ಛತ್ರದ ಊಟದ ಹಾಲ್‌ನಲ್ಲಿ ನಾನು ಪರದೆ ಕಟ್ಟಿ ಶುರು ಮಾಡಿದೆ. ಹಳೆಯ ನಾಟಕದ ಥಿಯೇಟರನ್ನೇ ಪುಸ್ತಕದಂಗಡಿ ಮಾಡಿದ್ದಾರೆ, ಬಾಲ್ಕನಿಯಲ್ಲಿ ಕೂತು ಓದಬಹುದು ಅಂದೆ. ಭಾನುವಾರ ಸಾನ್ ಟೆಲ್ಮೋ ಬೀದಿಯಲ್ಲಿ ಹಳೇ ಸಾಮಾನಿನ ಸಂತೆ, ಅಲ್ಲೇ ರಸ್ತೆ ಮೇಲೆ ಟ್ಯಾಂಗೋ ಕುಣಿತ. ಒಂದು ದಿನ ರೈಲು ಹತ್ತಿ ಟೀಗ್ರೆಗೆ ಹೋಗಿ ನದಿಯ ಕವಲುಗಳಲ್ಲಿ ದೋಣಿ ಸವಾರಿ. ನವೆಂಬರ್‌ನಲ್ಲಿ ಅಲ್ಲಿ ವಸಂತ, ಊರಿಗೆ ಊರೇ ನೇರಳೆ ಜಕರಂಡಾ ಹೂವು.

"ಜಕರಂಡಾ ನೋಡೋಕೆ ಅಷ್ಟು ದೂರ ಯಾಕಮ್ಮ? ನಮ್ಮ ಬೀದಿ ಕೊನೇಲೇ ಇದೆಯಲ್ಲ," ಅಂದರು ಗುರುಚರಣ್ ಅಂಕಲ್. ಇವರು ಬ್ಯಾಂಕಿನಿಂದ ನಿವೃತ್ತರಾದವರು, ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ. ಇವರು ಬರುತ್ತಾರೆ ಅಂತಲೇ ಅರ್ಧ ಗುಂಪು ಹೆಸರು ಕೊಟ್ಟಿತ್ತು. ಮಾತೆ ಅನ್ನುವ ಕಷಾಯವನ್ನು ಅಲ್ಲಿ ಸ್ನೇಹಿತರೆಲ್ಲ ಒಂದೇ ಕೊಳವೆಯಲ್ಲಿ ಸರದಿ ಪ್ರಕಾರ ಹೀರುತ್ತಾರೆ ಅಂದಾಗಲೂ ಅವರು "ಎಂಜಲು ಅಲ್ವೇನಮ್ಮ ಅದು?" ಅಂದಿದ್ದರು. ನಿಮ್ಮ ಕೊಳವೆ ನೀವೇ ತಗೊಳ್ಳಿ ಅಂಕಲ್ ಅಂತ ಹೇಳಿ ಸಾಗಹಾಕಿದ್ದೆ.

ಆಮೇಲೆ ಹೋಟೆಲಿನ ಫೋಟೊ ಹಾಕಿದೆ. ಕಿಟಕಿಯಿಂದ ಕಾಣುವ ನೋಟ. ಸಾಲು ಸಾಲು ಕಲ್ಲಿನ ಪುಟ್ಟ ಮನೆಗಳು, ಗುಮ್ಮಟಗಳು, ನಡುವೆ ಓಣಿಗಳು.

"ಚೆನ್ನಾಗಿದೆಯಲ್ಲ, ಯಾವ ದೇವಸ್ಥಾನ?" ಅಂದರು ಗುರುಚರಣ್ ಅಂಕಲ್.

"ರೆಕೊಲೆಟಾ ಅಂಕಲ್. ಸ್ಮಶಾನ. ಆ ಊರಿಗೆ ಹೋದವರು ಮೊದಲು ನೋಡೋದೇ ಇದನ್ನ. ಒಂದೊಂದು ಮನೆತನಕ್ಕೂ ಒಂದೊಂದು ಸಮಾಧಿ ಮನೆ. ಅದು ಕಾಣೋ ರೂಮು ಸಿಗೋದೇ ಕಷ್ಟ. ನಾನು ಜಗಳ ಆಡಿ ತಗೊಂಡಿದೀನಿ."

ಹಾಲ್‌ನಲ್ಲಿ ಚಮಚಗಳು ನಿಂತವು. ಅಂಕಲ್ ಹೆಂಡತಿ ಕೃಷ್ಣವೇಣಿ ಆಂಟಿ ತಟ್ಟೆಯನ್ನು ಕುರ್ಚಿಯ ಕೆಳಗೆ ಇಟ್ಟರು.

"ಬೆಳಿಗ್ಗೆ ಎದ್ದು ಕಿಟಕಿ ತೆಗೆದ್ರೆ ಸ್ಮಶಾನ ಕಾಣ್ಲಿ ಅಂತ ನಾವು ಜಾಸ್ತಿ ಕೊಡ್ಬೇಕಾ?" ಅಂದರು ಅಂಕಲ್. "ಹನ್ನೊಂದಕ್ಕೆ ಸ್ಮಶಾನ, ಹನ್ನೆರಡೂವರೆಗೆ ಪಾರ್ಕಿನಲ್ಲಿ ಪುಳಿಯೋಗರೆ ಅಂತ ಹಾಕಿದೀಯ. ಮಧ್ಯೆ ಸ್ನಾನ ಎಲ್ಲಿ? ಸ್ಮಶಾನಕ್ಕೆ ಹೋಗಿ ಬಂದು ತಲೆಗೆ ನೀರು ಹಾಕ್ಕೊಳ್ದೆ ಊಟಕ್ಕೆ ಕೂತಿದ್ದು ನಮ್ಮ ವಂಶದಲ್ಲೇ ಇಲ್ಲ. ಹೀಗಾದ್ರೆ ನಾವು ಟೂರೇ ಬಿಡ್ತೀವಿ."

ನನಗೆ ಪಿತ್ತ ನೆತ್ತಿಗೇರಿತು. ಆದರೆ ಸಿಟ್ಟು ಅವರ ಮೇಲಲ್ಲ, ನನ್ನ ಮೇಲೇ. ನಮ್ಮ ಮನೆಯಲ್ಲೂ ಅದೇ ಪದ್ಧತಿ. ನಮ್ಮ ತಂದೆ ಯಾರದೋ ಸಾವಿಗೆ ಹೋಗಿ ಬಂದರೆ ಬಚ್ಚಲಿನ ಹಿಂಬಾಗಿಲಿಂದಲೇ ಒಳಗೆ ಬರುತ್ತಿದ್ದರು. ಇಷ್ಟು ಗೊತ್ತಿದ್ದವಳು ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಹೊಗಳಿದ್ದನ್ನು ನೋಡಿ, ಲೇಔಟಿನವರಿಗೆ ಸ್ಮಶಾನದ ಪಕ್ಕ ಹಾಸಿಗೆ ಹಾಸಿಕೊಟ್ಟಿದ್ದೆ. ಗಲಾಟೆ ಎಲ್ಲ ಆದ ಮೇಲೆ ಸೋತು, "ಆಯ್ತು ಅಂಕಲ್, ಸ್ಮಶಾನ ತೆಗೆದುಹಾಕ್ತೀನಿ, ಹೋಟೆಲೂ ಬದಲಾಯಿಸ್ತೀನಿ" ಅಂದೆ.

ಆಗ ಹಿಂದಿನ ಸಾಲಿನಿಂದ ಒಬ್ಬರು ಕೈಯೆತ್ತಿದರು. ಜಕ್ಕೂರಿನ ದ್ರೌಪದಮ್ಮ. ಹಳೇ ಊರಿನ ಮನೆತನ. ಮಗಳು ಸುಮಾ, ಅಳಿಯ ನರೇಂದ್ರನ ಜೊತೆ ಬರುತ್ತಿದ್ದರು. ಅಲ್ಲಿಯವರೆಗೂ ತುಟಿ ಬಿಚ್ಚಿರಲಿಲ್ಲ.

"ಅದ್ರ ಸುತ್ತ ದೊಡ್ ದೊಡ್ ಬಿಲ್ಡಿಂಗ್ ಕಾಣ್ತಾವಲ್ಲ, ಅದ್ರಾಗೆ ಜನ ಅವ್ರಾ?"

"ಇದ್ದಾರಮ್ಮ. ಊರಲ್ಲೇ ದುಬಾರಿ ಜಾಗ ಅದು."

"ಕಿಟಕಿ ಮುಚ್ಕಂಡಿರ್ತಾರೇನೋ."

"ನನಗೆ ಗೊತ್ತಿಲ್ಲಮ್ಮ," ಅಂದೆ. ಅವರು ತಲೆಯಾಡಿಸಿದರು.

ಮಾರನೇ ದಿನ ಸುಮಾ ಫೋನ್ ಮಾಡಿದಳು. "ಮೇಡಂ, ಸ್ಮಶಾನ ತೆಗೆದ್ರೆ ನಮ್ಮಮ್ಮ ಬರಲ್ವಂತೆ. ಅಮ್ಮ ಬರ್ದಿದ್ರೆ ನಾವೂ ಇಲ್ಲ." ಇಟ್ಟರೆ ಗುರುಚರಣ್ ಅಂಕಲ್ ಪಟಾಲಂ ಇಲ್ಲ, ತೆಗೆದರೆ ಜಕ್ಕೂರಿನವರಿಲ್ಲ. ಯಾವ ಕಡೆಯಿಂದ ನೋಡಿದರೂ ನನ್ನ ಬ್ಯೂನಸ್ ಐರಿಸ್ ಮುಳುಗಿದಂತೆಯೇ. ನಾನು ಸ್ಕೂಟರ್ ಹತ್ತಿ, ಹೆಬ್ಬಾಳದ ಫ್ಲೈಓವರ್ ಮೇಲೆ ಇಡೀ ಪ್ರಪಂಚಕ್ಕೆ ಶಾಪ ಹಾಕುತ್ತಾ ಜಕ್ಕೂರಿಗೆ ಹೋದೆ. ಒಬ್ಬ ಮುದುಕಿಗೆ ಸ್ಮಶಾನದ ಮೇಲೆ ಇಷ್ಟು ಆಸೆ ಯಾಕೆ ಅಂತ ಕೇಳಿಯೇ ಬಿಡಬೇಕು ಅನ್ನುವುದಷ್ಟೇ ತಲೆಯಲ್ಲಿತ್ತು.

ದ್ರೌಪದಮ್ಮ ನನ್ನ ಮುಖ ನೋಡಿ, ಮಜ್ಜಿಗೆ ಕೊಟ್ಟು, "ಬಾವ್ವ, ಇಲ್ಲೇ ಇಂದ್ಗಡೆ ಓಗ್ಬರಾಣ" ಅಂತ ಎಬ್ಬಿಸಿಕೊಂಡು ಹೊರಟರು. ಹಳೇ ಊರಿನ ಸಂದಿ ದಾಟಿದರೆ ಎದುರಿಗೆ ಹದಿನಾರು ಅಂತಸ್ತಿನ ಅಪಾರ್ಟ್‌ಮೆಂಟ್. ಮುಂಬಾಗಿಲಿಗೆ ಹೋಗಲಿಲ್ಲ. ಕಸದ ಗಾಡಿ ಬರುವ ಹಿಂಬಾಗಿಲಿನಲ್ಲಿ ವಾಚ್‌ಮ್ಯಾನ್‌ಗೆ ಹೆಸರು ಹೇಳಿ, ಸಹಿ ಹಾಕಿ ಒಳಗೆ ಹೋದೆವು. ಮೂಲೆಯಲ್ಲಿ ಆಳೆತ್ತರಕ್ಕೂ ಮಿಗಿಲಾಗಿ ನೀಲಿ ತಗಡಿನ ಶೀಟುಗಳು. ಅದಕ್ಕೊಂದು ಸಣ್ಣ ಬಾಗಿಲು. ಒಳಗೆ ಹೊಂಗೆ ಮರದ ಕೆಳಗೆ ಸುಣ್ಣ ಬಳಿದ ಮೂರು ಸಮಾಧಿ.

"ನಮ್ಮತ್ತೆ, ನಮ್ಮಾವ. ಇವ್ರು ನಮ್ಮೆಜಮಾನ್ರು," ಅಂತ ಪರಿಚಯ ಮಾಡಿಕೊಟ್ಟರು, ಮನೆಗೆ ಬಂದವರಿಗೆ ಮಾಡಿಕೊಡುವ ಹಾಗೆ. "ಮುನಿಶಾಮಿ ಅಂತ. ಜಮೀನು ಕೊಡೋವಾಗ ಇದೊಂದ್ ಮೂಲೆ ಬಿಡ್ಬೇಕು ಅಂದ್ವಿ. ಬಿಲ್ಡರ್ ಮಾತು ಕೊಟ್ಟ, ಬಿಟ್ಟ. ಈಗ ಅವ್ನು ಮನೆ ಎಲ್ಲಾ ಮಾರ್ಕಂಡು ಓದ. ಇಲ್ಲಿರೋರು ಮೊದ್ಲು ತಗಡು ಆಕ್ಸಿದ್ರು. ಈಗ ಎತ್ತಿ ಸರ್ಕಾರಿ ಸ್ಮಶಾನಕ್ಕೆ ಆಕಿ ಅಂತಾವ್ರೆ. ಯುಗಾದಿ ಒಳಗೆ ತೀರ್ಮಾನ ಆಗ್ಬೇಕಂತೆ."

"ಯಾಕಂತೆ?"

"ಸಮಾಧಿ ಪಕ್ಕ ಮನೆ ಅಂದ್ರೆ ಯಾರೂ ತಗಳಲ್ವಂತೆ. ಮಕ್ಳು ಎದರ್ಕತಾವಂತೆ. ಆ ಶಿಲ್ಪ ಅನ್ನೋ ಯಮ್ಮ, ಸಂಘದ ಅಧ್ಯಕ್ಷೆ, ಮರ್ಯಾದಿಯಾಗೇ ಮಾತಾಡ್ತು. 'ನೀವೇ ಯೇಳಿ ಅಮ್ಮ, ಲೋಕದಾಗೆ ಯಾರಾದ್ರೂ ಸಮಾಧಿ ಪಕ್ಕ ಕಿಟಕಿ ಇಟ್ಕಂಡು ಸಂಸಾರ ಮಾಡ್ತಾರಾ?' ಅಂತು. ನಂಗೆ ಉತ್ರ ಒಳೀಲಿಲ್ಲ." ಸಮಾಧಿಯ ಮೇಲೆ ಬಿದ್ದಿದ್ದ ಹೊಂಗೆ ಎಲೆಗಳನ್ನು ಸೆರಗಿನಿಂದ ಗುಡಿಸಿದರು. "ನಿನ್ನೆ ನೀನು ಪಟ ಆಕ್ದಾಗ ಉತ್ರ ಕಾಣ್ತು. ಕಣ್ಣಾರೆ ನೋಡ್ಬೇಕು. ಅಲ್ಲಿ ಜನ ಕಿಟಕಿ ತೆಗೀತಾರಾ ಇಲ್ವಾ ಅನ್ನೋದೊಂದ್ ನೋಡ್ಬೇಕು. ಮಿಕ್ಕಿದ್ದು ನೀನು ಏನ್ ತೋರ್ಸಿದ್ರೂ ನೋಡ್ತೀನಿ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಗಂಡನ ಸಮಾಧಿಯನ್ನು ಉಳಿಸಿಕೊಳ್ಳಲು ಈ ಹೆಂಗಸು ಭೂಮಿಯ ಆ ಮಗ್ಗುಲಿಗೆ ಹೊರಟಿದ್ದರು. ನಾನು ಅವರನ್ನು ತರಾಟೆಗೆ ತೆಗೆದುಕೊಳ್ಳಲು ಬಂದಿದ್ದೆ. ನಾಚಿಕೆಯಾಯಿತು.

ವಾಪಸು ಬರುವಾಗ ಅವರ ಬಾಗಿಲಲ್ಲಿ ನಿಂತು, "ನಾನು ಮನೆಗೆ ಹೋಗಿ ಮೊದಲು ಸ್ನಾನ ಮಾಡ್ಬೇಕು, ಬೇಜಾರು ಮಾಡ್ಕೋಬೇಡಿ" ಅಂದೆ.

ದ್ರೌಪದಮ್ಮ ನಕ್ಕರು. "ಮಾಡ್ಕಳವ್ವ, ಬೇಜಾರ್ ಯಾಕೆ. ನಾವು ಸ್ನಾನ ಮಾಡ್ಕಂಡು ಮಡಿಯಾಗಿ ಅವ್ರ ತಾವ ಓಗ್ತೀವಿ. ನೀವು ಓಗ್ಬಂದು ಮಾಡ್ತೀರಿ. ಎಲ್ರೂ ನೀರಂತೂ ಉಯ್ಕಳದೆಯ."

ಕೊಡಿಗೇಹಳ್ಳಿ ಸಿಗ್ನಲ್ಲಿನಲ್ಲಿ ಕೆಂಪು ದೀಪ ನೋಡುತ್ತಾ ನಿಂತಾಗ ಆ ಮಾತು ಮತ್ತೆ ಕಿವಿಗೆ ಬಿತ್ತು. ನಾನು ಸ್ಕೂಟರ್ ಮೇಲೆ ಒಬ್ಬಳೇ ನಗುತ್ತಿದ್ದುದನ್ನು ಪಕ್ಕದ ಆಟೋದವನು ವಿಚಿತ್ರವಾಗಿ ನೋಡಿದ. ಮನೆಗೆ ಹೋಗಿ ಸ್ನಾನ ಮುಗಿಸಿ ನೇರವಾಗಿ ಗುರುಚರಣ್ ಅಂಕಲ್ ಮನೆಗೆ ಹೋದೆ.

"ಅಂಕಲ್, ನೀವು ಬೆಳಿಗ್ಗೆ ಎದ್ದ ತಕ್ಷಣ ಸ್ನಾನ ಮಾಡ್ತೀರಾ?"

"ಇಲ್ಲ. ಕಾಫಿ. ಆಮೇಲೆ ವಾಕಿಂಗ್. ವಾಕಿಂಗ್ ಮುಗಿಸಿ ಬಂದು ಸ್ನಾನ, ಸಂಧ್ಯಾವಂದನೆ, ತಿಂಡಿ. ಯಾಕೆ?"

"ಅಲ್ಲೂ ಹಾಗೇ ಮಾಡಿ. ಕಾಫಿ ಕುಡಿದು ರೆಕೊಲೆಟಾಗೆ ವಾಕಿಂಗ್. ರಸ್ತೆ ದಾಟಿದ್ರೆ ಹೋಟೆಲು. ಬಂದು ತಲೆಗೆ ನೀರು ಹಾಕ್ಕೊಳ್ಳಿ, ಆಮೇಲೆ ಭಟ್ಟರ ಉಪ್ಪಿಟ್ಟು. ಊರಾಚೆ ಹೋಟೆಲ್ ಮಾಡಿದ್ರೆ ಸ್ನಾನಕ್ಕೆ ಬಸ್ಸಲ್ಲಿ ಹೋಗ್ಬೇಕಾಗುತ್ತೆ. ಇದಕ್ಕಿಂತ ಅನುಕೂಲದ ಹೋಟೆಲ್ ಆ ಊರಲ್ಲಿ ಇಲ್ಲ."

ಅಂಕಲ್ ಯೋಚಿಸಿದರು. ವಾದದಲ್ಲಿ ತೂತು ಹುಡುಕುವುದು ಅವರಿಗೆ ಹವ್ಯಾಸ. ಸಿಗಲಿಲ್ಲ. "ಕಿಟಕಿ?" ಅಂದರು.

"ನಿಮ್ಮ ರೂಮು ರಸ್ತೆ ಕಡೆಗೆ. ಸ್ಮಶಾನದ ಕಡೆಯ ರೂಮು ಜಕ್ಕೂರಿನವರಿಗೆ. ಅವರೇ ಕೇಳಿದ್ದಾರೆ."

"ನಾನು ಗೇಟಿನ ತನಕ ಬರ್ತೀನಿ, ಒಳಗೆ ಬರಲ್ಲ," ಅಂದರು ಅಂಕಲ್. ಒಳಗಿನಿಂದ ಕೃಷ್ಣವೇಣಿ ಆಂಟಿ, "ಗೇಟಿನ ತನಕ ಬಂದ್ರೂ ಸ್ನಾನ ಮಾಡ್ಲೇಬೇಕು, ಒಳಗೇ ಬನ್ನಿ" ಅಂದರು. ನಮ್ಮ ಟೂರ್ ಬದುಕಿತು.

ಬ್ಯೂನಸ್ ಐರಿಸ್‌ನಲ್ಲಿ ಮೊದಲ ಬೆಳಿಗ್ಗೆ, ಬಾಗಿಲು ತೆರೆಯುವ ಹೊತ್ತಿಗೆ, ನಮ್ಮದೊಂದು ಮೆರವಣಿಗೆಯೇ ಹೊರಟಿತು. ಮುಂದೆ ಜಕ್ಕೂರಿನವರು, ತಲೆಗೆ ಸ್ನಾನ ಮಾಡಿ, ದ್ರೌಪದಮ್ಮ ರೇಷ್ಮೆ ಸೀರೆ ಉಟ್ಟು. ಹಿಂದೆ ನಮ್ಮ ಲೇಔಟಿನವರು, ರಾತ್ರಿ ಮಲಗಿದ ಬಟ್ಟೆಯ ಮೇಲೆ ಸ್ವೆಟರ್ ಹಾಕಿಕೊಂಡು. ಅಲ್ಲಿನ ಗೈಡ್ ಹುಡುಗಿ ಲೂಸಿಯಾ ಇದೇನು ಅಂತ ಕೇಳಿದಳು. ಎರಡು ಪಂಗಡ, ಎರಡು ಪದ್ಧತಿ ಅಂದೆ. ಅವಳಿಗೆ ಏನು ಅರ್ಥವಾಯಿತೋ, ಎರಡೂ ಪಂಗಡಕ್ಕೂ ತಲೆಬಾಗಿ ನಮಸ್ಕರಿಸಿದಳು.

ಗೇಟಿನ ಹತ್ತಿರದ ಚೌಕದಲ್ಲಿ ಒಂದು ಭಾರಿ ಮರ. ನಮ್ಮ ಆಲದ ಮರದ ಸಂಬಂಧಿ. ಕೊಂಬೆಗಳು ಎಷ್ಟು ದೂರ ಚಾಚಿವೆ ಅಂದರೆ ಕೆಳಗೆ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಅದರ ನೆರಳಲ್ಲೇ ಕುರ್ಚಿ ಹಾಕಿಕೊಂಡು ಜನ ಕಾಫಿ ಕುಡಿಯುತ್ತಿದ್ದರು, ಸ್ಮಶಾನದ ಗೋಡೆಗೆ ಕಲ್ಲೆಸೆಯುವಷ್ಟು ಹತ್ತಿರ. ದ್ರೌಪದಮ್ಮ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದರು.

ಒಳಗೆ ಅದು ಊರೇ ಸರಿ. ಬೀದಿ, ಅಡ್ಡಬೀದಿ, ಬಾಗಿಲು, ಹೊಸ್ತಿಲು. ಕೆಲವು ಮನೆಗಳಲ್ಲಿ ಹೊಸ ಹೂವು, ಕೆಲವಕ್ಕೆ ದಿಕ್ಕುದೆಸೆ ಇಲ್ಲದೆ ಗಾಜು ಒಡೆದಿತ್ತು. ಎಲ್ಲರೂ ಹುಡುಕಿಕೊಂಡು ಹೋಗುವ ಪ್ರಸಿದ್ಧ ಸಮಾಧಿಯ ಕಡೆ ಲೂಸಿಯಾ ಗುಂಪನ್ನು ಕರೆದೊಯ್ದಳು. ದ್ರೌಪದಮ್ಮ ಹೋಗಲಿಲ್ಲ. ಹಿಂದಿನ ಗೋಡೆಯ ಹತ್ತಿರ ನಿಂತು ಕತ್ತೆತ್ತಿ ನೋಡುತ್ತಿದ್ದರು. ಗೋಡೆಯಾಚೆಗಿನ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಕಿಟಕಿ ಪೂರ್ತಿ ತೆರೆದಿತ್ತು. ಹೂವಿನ ಕುಂಡ. ಒಬ್ಬ ಹೆಂಗಸು ಹಗ್ಗದ ಮೇಲೆ ಬಟ್ಟೆ ಒಣಗಹಾಕುತ್ತಿದ್ದಳು, ಕೆಳಗಿನ ಸಮಾಧಿಗಳ ಕಡೆ ಮುಖ ಮಾಡಿಕೊಂಡು, ಏನೋ ಗುನುಗುತ್ತಾ.

"ಅರಿಪ್ರಿಯಾ, ಪಟ ತೆಗೀ, ಬಿರ್ನೆ," ಅಂದರು. ನನ್ನ ಫೋನಿನಲ್ಲಿ ಕಿಟಕಿ ಕಡಲೆಕಾಳಿನಷ್ಟು ಕಂಡಿತು. ದೂರದ್ದನ್ನು ಹತ್ತಿರ ತರುವ ಕ್ಯಾಮೆರಾ ಇದ್ದದ್ದು ಗುರುಚರಣ್ ಅಂಕಲ್ ಹತ್ತಿರ ಮಾತ್ರ. ಅವರೋ ಹೇಳಿದಂತೆಯೇ ಗೇಟಿನಲ್ಲಿ ಕೈಕಟ್ಟಿ ನಿಂತಿದ್ದರು.

ದ್ರೌಪದಮ್ಮ ತಾವೇ ಹೋದರು. "ಸ್ವಾಮಿ, ನಿಮ್ದಿನ್ನೂ ಸ್ನಾನ ಆಗಿಲ್ವಲ್ಲ?"

"ಇಲ್ಲ."

"ಅಂಗಾದ್ರೆ ಒಳೀಕೆ ಬಂದ್ರೆ ಏನ್ ಓದಾತು? ಎಂಗೂ ಮಾಡ್ಬೇಕಲ್ಲ."

ಅಂಕಲ್ ಬಲಗಾಲಿಟ್ಟು ಬರಬೇಕೋ ಎಡಗಾಲಿಟ್ಟು ಬರಬೇಕೋ ಅಂತ ಒಂದು ಕ್ಷಣ ಹಿಂದೆಮುಂದೆ ನೋಡಿ ಒಳಗೆ ಬಂದರು. ವಿಷಯ ಏನು ಅಂತ ನಾನು ದಾರಿಯಲ್ಲಿ ಹೇಳಿದೆ. ಅವರು ಬೆಂಚಿನ ಮೇಲೆ ಹತ್ತಿ, ಆ ಹೆಂಗಸು ಕೊನೆಯ ಬಟ್ಟೆ ಹಾಕುವವರೆಗೂ ಫೋಟೊ ತೆಗೆದರು. ಆಮೇಲೆ ಆ ಸಾಲಿನ ಎಲ್ಲ ಕಿಟಕಿಗಳದ್ದೂ ತೆಗೆದರು. ಸ್ನಾನಕ್ಕೆ ಎಲ್ಲರಿಗಿಂತ ಕೊನೆಯಲ್ಲಿ ಬಂದವರು ಅವರೇ. ಉಪ್ಪಿಟ್ಟು ಆರಿಹೋಗಿತ್ತು.

ಮಿಕ್ಕ ದಿನಗಳು ಚೆನ್ನಾಗಿಯೇ ನಡೆದವು. ಟೀಗ್ರೆಯ ದೋಣಿಯಲ್ಲಿ ಅಂತ್ಯಾಕ್ಷರಿ ಆಯಿತು, ಸಂತೆಯಲ್ಲಿ ಕೃಷ್ಣವೇಣಿ ಆಂಟಿ ಒಂದು ಹಳೇ ಹಿತ್ತಾಳೆ ಗಂಟೆಗೆ ಕನ್ನಡದಲ್ಲೇ ಚೌಕಾಸಿ ಮಾಡಿ ಗೆದ್ದರು. ನರೇಂದ್ರ ಮಾಂಸದ ಹೋಟೆಲಿಗೆ ಹೋಗಿ ಬಂದದ್ದನ್ನು ಭಟ್ಟರಿಗೆ ಯಾರೂ ಹೇಳಲಿಲ್ಲ.

ಡಿಸೆಂಬರ್‌ನಲ್ಲಿ ಜಕ್ಕೂರಿನ ಅಪಾರ್ಟ್‌ಮೆಂಟ್ ಸಂಘದ ಸಭೆ. ದ್ರೌಪದಮ್ಮ ನನ್ನನ್ನೂ ಗುರುಚರಣ್ ಅಂಕಲ್ ಅವರನ್ನೂ ಕರೆದಿದ್ದರು. ಸಭೆ ಅಂದರೆ ಅಂಕಲ್‌ಗೆ ಹಬ್ಬ. ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದು, ಫೋಟೊಗಳನ್ನು ಅಲ್ಲಿನ ಟೀವಿಗೆ ಹಾಕಿದರು. ಮರದ ಕೆಳಗಿನ ಕಾಫಿ, ಗೋಡೆ, ಕಿಟಕಿಗಳು, ಬಟ್ಟೆ ಒಣಗಹಾಕುವ ಹೆಂಗಸು. "ನಾನು ಸ್ಮಶಾನ ಅಂದ್ರೆ ದೂರ ಓಡೋ ಮನುಷ್ಯ. ಟೂರೇ ಬಿಡ್ತೀನಿ ಅಂದಿದ್ದೆ," ಅಂದರು. "ನಿಮ್ಮ ಭಯ ನನಗೆ ಅರ್ಥ ಆಗುತ್ತೆ. ಅದಕ್ಕೇ ಹೇಳ್ತಿದೀನಿ, ಹೋಗಿ ನೋಡಿದ್ರೆ ಅಷ್ಟೇನೂ ಇಲ್ಲ. ಮಕ್ಕಳು ಹೆದರೋದು ತಗಡಿಗೆ. ಒಳಗೆ ಏನಿದೆ ಅಂತ ಕಾಣಲ್ಲವಲ್ಲ."

ಕೆಲವರು ಗೊಣಗಿದರು. ಅದು ಫಾರಿನ್, ಇದು ಬೇರೆ ಅಂದರು. ಶಿಲ್ಪ ಮಾತ್ರ ಟೀವಿಯ ಹತ್ತಿರ ಹೋಗಿ ಆ ಹೆಂಗಸಿನ ಫೋಟೊವನ್ನು ತುಂಬಾ ಹೊತ್ತು ನೋಡಿದರು. "ನನ್ನ ಬಾಲ್ಕನಿ ಆ ಕಡೆಗೇ ಇರೋದು," ಅಂದರು ಮೆಲ್ಲಗೆ. "ಬಂದಾಗಿನಿಂದ ಪರದೆ ಎತ್ತಿಲ್ಲ." ಸಮಾಧಿ ಎತ್ತುವ ವಿಚಾರವನ್ನು ಸಭೆ ಕೈಬಿಟ್ಟಿತು. ತಗಡಿನ ವಿಷಯ ಆಮೇಲೆ ನೋಡೋಣ ಅಂದರು. ಆಮೇಲೆ ಅಂದರೆ ಯಾವಾಗ ಅಂತ ನಮ್ಮ ಸಂಘಗಳನ್ನು ಕಂಡವರಿಗೆ ಗೊತ್ತು. ನಾನು ನಂಬಿಕೆ ಇಟ್ಟುಕೊಳ್ಳಲಿಲ್ಲ.

ಫೆಬ್ರವರಿಯಲ್ಲಿ ಮುನಿಶಾಮಿಯವರ ವರ್ಷದ ಪೂಜೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಸಮಾಧಿಯ ಮುಂದೆ ಎಡೆ ಇಡುತ್ತಾರೆ, ಬರಬೇಕು ಅಂತ ಸುಮಾ ಕರೆದಳು. ಗುರುಚರಣ್ ಅಂಕಲ್ ನನ್ನ ಸ್ಕೂಟರಿನ ಹಿಂದೆಯೇ ಕೂತು ಬಂದರು, ಗಡ್ಡ ಕೆರೆಯದೆ, ಮಾಸಿದ ಅಂಗಿಯಲ್ಲಿ. "ಬೇಕಂತಲೇ ಸ್ನಾನ ಮಾಡಿಲ್ಲ. ಹೋಗಿ ಮಾಡ್ತೀನಿ. ನನಗೆ ಒಬ್ಬಟ್ಟು ಮಾತ್ರ ಕಟ್ಟಿಸ್ಕೊಡು, ಸ್ನಾನ ಆದ್ಮೇಲೆ ತಿಂತೀನಿ," ಅಂದರು.

ವಾಚ್‌ಮ್ಯಾನ್ ನಮ್ಮನ್ನು ಮುಂಬಾಗಿಲಿನಿಂದಲೇ ಬಿಟ್ಟ. ಮೂಲೆ ತಿರುಗಿದರೆ ತಗಡು ಇರಲಿಲ್ಲ. ಸೊಂಟದೆತ್ತರದ ಒಂದು ಕಬ್ಬಿಣದ ಬೇಲಿ, ಅದಕ್ಕೆ ಇನ್ನೂ ಒಣಗದ ಹಸಿರು ಬಣ್ಣ. ಹೊಂಗೆ ಮರ ಈಗ ಇಡೀ ಅಂಗಳಕ್ಕೆ ಸೇರಿದ್ದಾಗಿತ್ತು. ಅದರ ಕೆಳಗೆ ಬಾಳೆ ಎಲೆ, ಮುದ್ದೆ, ಸಾರು, ಒಬ್ಬಟ್ಟು, ಒಂದು ಕಟ್ಟು ಬೀಡಿ. ದ್ರೌಪದಮ್ಮ ಅದೇ ರೇಷ್ಮೆ ಸೀರೆಯಲ್ಲಿ ಕೈಮುಗಿದು ಕೂತಿದ್ದರು.

ಮೂರನೇ ಮಹಡಿಯ ಬಾಲ್ಕನಿಯಲ್ಲಿ ಬಿದಿರಿನ ಪರದೆ ಮೇಲಕ್ಕೆ ಸುತ್ತಿತ್ತು. ಶಿಲ್ಪ ಬಕೆಟ್ಟಿನಿಂದ ಒಂದೊಂದೇ ಬಟ್ಟೆ ಕೊಡವಿ ಹಗ್ಗದ ಮೇಲೆ ಹಾಕುತ್ತಿದ್ದರು. ಕೆಳಗೆ ನೋಡಿ, ಒದ್ದೆ ಕೈಗಳನ್ನೇ ಜೋಡಿಸಿದರು.

ದ್ರೌಪದಮ್ಮ ಎದ್ದು ನಿಂತು ಅವರನ್ನು ನೋಡಿದರು. ಆಮೇಲೆ ಸಮಾಧಿಯ ಕಡೆ ತಿರುಗಿ, ಗಂಡನಿಗೆ ಮಾತ್ರ ಕೇಳಬೇಕೆಂಬಂತೆ ಹೇಳಿದರು.

"ನೋಡ್ದಾ, ನಮ್ಮೂರೂ ದೊಡ್ ಪಟ್ಣ ಆಯ್ತು."